ಶುಕ್ರವಾರದ ರಿಂಗ್

ಖಾನಾಪುರದ ಸ್ಟೇಷನ್ ರೋಡಿನಲ್ಲಿ ಪ್ರಮಿಳಾಳ ಎಸ್‌ಟಿಡಿ ಬೂತ್ ಇತ್ತು. ಒಂದು ಹಳದಿ ಬೋರ್ಡು, ದಪ್ಪ ಮೈಯವರು ಅಡ್ಡಡ್ಡ ಹೋಗಬೇಕಾದಂಥ ಗಾಜಿನ ಪೆಟ್ಟಿಗೆ, ಅದರ ಮಗ್ಗುಲಲ್ಲಿ ಅವಳ ಕುರ್ಚಿ. ಎಡಗಾಲು ಚಿಕ್ಕಂದಿನಲ್ಲೇ ಪೋಲಿಯೋದಲ್ಲಿ ಹೋಗಿತ್ತು. ಕುರಿ ಕಾಯುತ್ತಿದ್ದ ಅಪ್ಪ ಮೈಲಾರಲಿಂಗ ಅವಳನ್ನು ಬೆಳಗಾವಿಯ ಕಚೇರಿಯಿಂದ ಕಚೇರಿಗೆ ಹೊತ್ತು ತಿರುಗಿ, ಅಂಗವಿಕಲರ ಪಾಲಿನಲ್ಲಿ ಬೂತ್ ಮಂಜೂರು ಮಾಡಿಸಿದ್ದ. ಬೋರ್ಡು ಏರಿದ ವರ್ಷವೇ ಪುಣ್ಯಾತ್ಮ ತೀರಿಕೊಂಡ.

ಪ್ರಮಿಳಾಳಿಗೆ ಜಗತ್ತಿನ ದೇಶಗಳೆಲ್ಲ ದರದಿಂದಲೇ ಪರಿಚಯ. ಅಮೆರಿಕ ನಕಾಶೆಯಲ್ಲಿ ಎಲ್ಲಿದೆ ಎಂದರೆ ತಡವರಿಸುತ್ತಿದ್ದಳು. ನಿಮಿಷಕ್ಕೆ ಎಷ್ಟು ಎಂದರೆ ಥಟ್ಟನೆ ಹೇಳುತ್ತಿದ್ದಳು. ಮಸ್ಕತ್ತು ಹತ್ತಿರದ ಊರಂತೆ, ಮುಂಬಯಿಯಿಂದ ವಿಮಾನ ಹತ್ತಿದರೆ ಮೂರು ತಾಸಂತೆ. ಹತ್ತಿರವಿದ್ದರೆ ನಿಮಿಷಕ್ಕೆ ಐವತ್ತು ಅರವತ್ತು ರೂಪಾಯಿ ಯಾಕೆ ಸುಲಿಯುತ್ತಾರೆ ಎಂಬುದು ಅವಳ ತಕರಾರು. ಆ ತಕರಾರಿಗೆ ಕಾರಣವಿತ್ತು. ಅವಳ ಅಣ್ಣ ಸಂಜಯ ಮಸ್ಕತ್ತಿನಲ್ಲಿ ಟೈಲ್ಸ್ ಕೂಡಿಸುವ ಕೆಲಸಕ್ಕೆ ಹೋಗಿದ್ದ.

ಅಲ್ಲಿಂದ ಫೋನು ಇನ್ನೂ ತುಟ್ಟಿ. ಹತ್ತು ನಿಮಿಷ ಮಾತಾಡಿದರೆ ಎರಡು ದಿನದ ಪಗಾರ ಹೋಯಿತು. ಬಡವರು ಇದಕ್ಕೂ ಉಪಾಯ ಕಂಡುಕೊಂಡಿದ್ದರು. ಶುಕ್ರವಾರ ಅಲ್ಲಿ ಸೂಟಿ. ಆ ಸಂಜೆ ನಾಲ್ಕರಿಂದ ಐದರೊಳಗೆ ಸಂಜಯ ಬೂತಿಗೆ ಎರಡು ರಿಂಗ್ ಕೊಟ್ಟು ಇಟ್ಟುಬಿಡುತ್ತಿದ್ದ. ಎರಡು ರಿಂಗ್ ಎಂದರೆ ನಾನು ಆರಾಮ ಇದ್ದೇನೆ. ನಿಲ್ಲದೆ ಬಡಿದುಕೊಂಡರೆ ಮಾತ್ರ ಎತ್ತಬೇಕು, ಏನೋ ಕೆಟ್ಟದ್ದಾಗಿದೆ ಎಂದರ್ಥ. ಎತ್ತದ ಫೋನಿಗೆ ಯಾವ ದೇಶದಲ್ಲೂ ಬಿಲ್ಲಿಲ್ಲ. ಪ್ರಮಿಳಾ ಮನೆಗೆ ಬಂದ ಕೂಡಲೇ ಅವ್ವ ಕಾಡವ್ವ "ಬಂತೇನವಾ?" ಎನ್ನುವಳು, ಇವಳು "ಬಂತವ್ವ" ಎನ್ನುವಳು. ಆಮೇಲೆಯೇ ಕಾಡವ್ವ ಜಗಲಿಯ ಮೇಲಿನ ಮಾಯಕ್ಕದೇವಿಗೆ ಭಂಡಾರದ ಅರಿಸಿನ ಏರಿಸಿ ಉಣ್ಣಲು ಕೂಡುವಳು.

ಎರಡು ಸಾವಿರದ ಇಸವಿಯ ಬೇಸಿಗೆಯಲ್ಲಿ ಸಂಜಯ ರಜೆಗೆ ಬಂದವನು ತಂಗಿಯನ್ನು ಬೆಳಗಾವಿಗೆ ಕರೆದೊಯ್ದ. ಶಿವಬಸವ ನಗರದಲ್ಲಿ ವಿನಯ ಎಂಬವನ ಸೈಬರ್ ಕೆಫೆ ಇತ್ತು. ಅವನು ಹಳೆಯ ಕಂಪ್ಯೂಟರೊಂದನ್ನು ಮಾರುವವನಿದ್ದ.

"ಮಸ್ಕತ್ತಿನ್ಯಾಗ ಫೋನಿಗೆ ಒಂದ್ ನಿಮಿಷಕ್ಕ ಕೊಡೂ ರೊಕ್ಕದಾಗ ನೆಟ್ಟಿನ ಮುಂದ ಅರ್ಧಾ ತಾಸ ಕುಂದರಬಹುದು," ಎಂದ ಸಂಜಯ. "ಪ್ರಮಿಳಾ, ನೀ ನೆಟ್ ಹಾಕು. ದಿನಾ ಬರಕೋತ ಕುಂದರೂಣು."

ವಿನಯ ನಕ್ಕ. "ಅಮೆರಿಕಾದಾಗ ಊರೊಳಗಿನ ಫೋನಿಗೆ ಮೀಟರ್ರ ಓಡಂಗಿಲ್ರಿ. ತಿಂಗಳಿಗೆ ಇಷ್ಟ ಅಂತ ಕೊಟ್ರ ಮುಗೀತು, ಮನ್ಯಾಗ ನೆಟ್ ಹಚ್ಚಿಟ್ಟು ಉಂಡು ಬರ್ತಾರ. ನಮ್ಮಲ್ಲೆ ನೆಟ್ಟಿಂದೊಂದು, ಫೋನಿಂದೊಂದು, ಎರಡ ಮೀಟರ್. ನೀವು ಖಾನಾಪುರದಿಂದ ಹಚ್ಚಿದ್ರ ಬೆಳಗಾವಿ ತನಕ ಟ್ರಂಕ್ ಚಾರ್ಜ್ ಬ್ಯಾರೆ."

"ಅಂದ್ರ ಜಗತ್ತಿನ್ಯಾಗ ಎಲ್ಲಾರಕಿಂತ ತುಟ್ಟಿ ಅಂಗಡಿ ನಮ್ಮ ಪ್ರಮಿಳಾಂದು!" ಎಂದು ಸಂಜಯ ತೊಡೆ ತಟ್ಟಿದ.

"ಲೈನ್ ಎಷ್ಟ ಅದಾವ್ರಿ?" ಎಂದು ವಿನಯ ಕೇಳಿದ.

"ಒಂದ ರೀ. ಇನ್ನೊಂದಕ್ಕ ಅರ್ಜಿ ಕೊಟ್ಟೇನಿ."

"ಒಂದ ಇದ್ರ, ನೆಟ್ ನಡದಾಗ ಫೋನ್ ಬರಂಗಿಲ್ಲ ನೋಡ್ರಿ. ಹಚ್ಚಿದಾವ್ರಿಗೆ ಎಂಗೇಜ್ ಕೇಳಸ್ತೈತಿ."

ಸಂಜಯ ತಂಗಿಯ ಕಡೆ ತಿರುಗಿದ. "ಶುಕ್ರವಾರ ನಾಕರಿಂದ ಐದು ನೆಟ್ ಬಂದ್ ಇಡು. ಉಳದ ಹೊತ್ತೆಲ್ಲಾ ನಿಂದು."

ಅವನೇ ದುಡ್ಡು ಕೊಟ್ಟು ಕಂಪ್ಯೂಟರ್ ಕೂಡಿಸಿ, ನೆಟ್ ಹಾಕಿಸಿ ಹೋದ. ಹೊರಡುವಾಗ ಕಾಡವ್ವ ಹಣೆಗೆ ಭಂಡಾರ ಹಚ್ಚಿ "ಮಾಯಕ್ಕ ಕಾಯ್ತಾಳ, ಹೋಗಿ ಬಾ" ಎಂದಳು. ಅವಳ ಬಾಯಿಂದ ಆ ಮಾತು ಬಾರದೆ ಆ ಮನೆಯವರು ಕುರಿಯ ಉಣ್ಣೆ ಕತ್ತರಿಸಲೂ ಕೈ ಹಾಕಿದವರಲ್ಲ.

ಮರುವರ್ಷದ ಪಿಯುಸಿ ಫಲಿತಾಂಶ ಶುಕ್ರವಾರವೇ ಬಂತು. ಎರಡನೆಯ ಲೈನು ಇನ್ನೂ ಬಂದಿರಲಿಲ್ಲ. ಕಾಲೇಜಿನ ಬೋರ್ಡಿಗೆ ಮರುದಿನ ಬರುವುದು ನೆಟ್ಟಿನಲ್ಲಿ ಇವತ್ತೇ ಸಿಗುತ್ತದಂತೆ ಎಂಬ ಸುದ್ದಿ ಹಬ್ಬಿ, ಬೂತಿನ ಮುಂದೆ ಜಾತ್ರೆ ನೆರೆಯಿತು. ಒಂದು ನಂಬರಿಗೆ ಇಪ್ಪತ್ತು ರೂಪಾಯಿ. ಒಂದೊಂದು ಪುಟ ತೆರೆಯಲು ಪ್ರಾಣ ಹೋಗುತ್ತಿತ್ತು. ಲೈನು ಕಡಿದರೆ ಮತ್ತೆ ಹತ್ತಿಕೊಳ್ಳುವ ಭರವಸೆ ಇರಲಿಲ್ಲ. ನಾಲ್ಕು ಹೊಡೆದಾಗ ಪ್ರಮಿಳಾ ತಂತಿ ಕೀಳಲು ಕೈ ಚಾಚಿದ್ದು ನಿಜ. "ತಂಗೀ, ನನ್ನ ಮಗಳದೊಂದು ನೋಡವಾ, ಮುಂಜಾನಿಂದ ಉಂಡಿಲ್ಲ ಅಕಿ," ಎಂದು ಒಬ್ಬ ಕೈಮುಗಿದ. ಅವನ ಹಿಂದೆ ಇನ್ನೊಬ್ಬ. ಅಣ್ಣ ಹೇಳುವುದು ಆರಾಮ ಇದ್ದೇನೆ ಅಂತ ತಾನೆ, ಆರಾಮದ ಸುದ್ದಿ ಒಂದು ವಾರ ತಡವಾದರೆ ಏನು ಮುಳುಗೀತು ಎಂದುಕೊಂಡಳು. ಕೈ ಹಿಂದೆ ಬಂತು. ಕತ್ತಲಾಗುವವರೆಗೂ ಲೈನು ಬಿಡುವಾಗಲಿಲ್ಲ.

ಮನೆಗೆ ಹೋದಾಗ ಕಾಡವ್ವ ಭಂಡಾರದ ಬಟ್ಟಲು ಹಿಡಿದು ಕಾಯುತ್ತಿದ್ದಳು. "ಬಂತೇನವಾ?"

"ಬಂತವ್ವ," ಎಂದಳು ಪ್ರಮಿಳಾ. ಮುದುಕಿ ಹಸಿದಿದ್ದಳು, ಇವಳಿಗೂ ದಣಿವಾಗಿತ್ತು.

ಸೋಮವಾರ ಬೂತಿನ ಫೋನು ನಿಲ್ಲದೆ ಬಡಿದುಕೊಂಡಿತು. ಎತ್ತಿದವಳು ಪ್ರಮಿಳಾಳೇ. ಅತ್ತ ಕಂಪನಿಯವನೊಬ್ಬ ಹಿಂದಿಯಲ್ಲಿ ಹೇಳಿದ: ಸಂಜಯ ಹೊಟ್ಟೆನೋವಿನಿಂದ ಆಸ್ಪತ್ರೆ ಸೇರಿದ್ದ, ಶನಿವಾರ ಬೆಳಗಿನ ಜಾವ ಆಪರೇಷನ್ನಿನಲ್ಲಿ ತೀರಿಕೊಂಡ, ಹೆಣ ಕಳಿಸಲು ಕಾಗದಪತ್ರ ಬೇಕು.

ಹೆಣ ಬಂತು, ಮಣ್ಣಾಯಿತು. ಮಾತಾಡಿಸಲು ಬಂದವರಿಗೆಲ್ಲ ಕಾಡವ್ವ ಒಂದೇ ಮಾತು ಹೇಳುತ್ತಿದ್ದಳು. "ಶುಕ್ರವಾರ ಸಂಜೀ ತನಕ ಆರಾಮ ಇದ್ದನ್ರೆವಾ. ರಿಂಗ್ ಕೊಟ್ಟಿದ್ದ. ನನ್ನ ಮಗ ಭಾಳ ನರಳಲಿಲ್ಲ." ಆ ಮಾತೊಂದನ್ನು ಊರಿಕೊಂಡು ಅವಳು ನಿಂತಿದ್ದಳು. ಪ್ರಮಿಳಾ ಪ್ರತಿಸಲವೂ ಗೋಡೆ ನೋಡುವಳು. ಅಣ್ಣ ಆ ಸಂಜೆ ಫೋನು ಮಾಡಿಯೇ ಇರಲಿಕ್ಕಿಲ್ಲ, ನೋವಿನಲ್ಲಿ ಮರೆತಿರಬೇಕು ಎಂದು ತನಗೆ ತಾನೇ ಹೇಳಿಕೊಳ್ಳುವಳು. ಹಾಗೆ ಆಗಿರಲಿ ಎಂದು ಮಾಯಕ್ಕನಿಗೆ ಹರಕೆಯನ್ನೂ ಹೊತ್ತಳು. ಆಗಿಹೋದದ್ದಕ್ಕೆ ಯಾವ ದೇವರು ಏನು ಮಾಡಿಯಾನು?

ದೀಪಾವಳಿಯ ಹೊತ್ತಿಗೆ ಪೀರನವಾಡಿಯ ಸಿದರಾಯ ಊರಿಗೆ ಬಂದ. ಮಸ್ಕತ್ತಿನಲ್ಲಿ ಸಂಜಯನ ಕೋಣೆಯಲ್ಲೇ ಇದ್ದವನು. ಸತ್ತವನ ಚೀಲ ಹಿಡಿದು ಬಸ್ಸಿಳಿದು ನೇರ ಬೂತಿಗೆ ಬಂದ.

"ಅವತ್ತ ಏನಾಗಿತ್ತು ನಿನ್ನ ಫೋನಿಗೆ?" ಎಂದು ಕೇಳಿದ. ಪ್ರಮಿಳಾ ಅವನ ಕಡೆ ಸ್ಟೂಲು ಸರಿಸಿದಳು, ಅವನು ಕೂಡಲಿಲ್ಲ.

"ಹೊಟ್ಯಾಗ ಕರುಳು ಒಡದೈತಿ, ಈಗಿಂದೀಗ ಕೊಯ್ಯಬೇಕು ಅಂದ್ರು ಡಾಕ್ಟರು. ಅವ್ವನ್ನ ಬೂತಿಗೆ ಕರಸಿ, ಅಕಿ ಬಾಯಿಲೆ 'ಮಾಯಕ್ಕ ಕಾಯ್ತಾಳ' ಅನಿಸ್ಕೊಂಡ ಸಹಿ ಮಾಡ್ತೀನಿ ಅಂದ. ನಾನ ಹಚ್ಚಿ ಹಚ್ಚಿ ಕೊಟ್ಟೆ. ಎಂಗೇಜ್. ಮತ್ತ ಎಂಗೇಜ್. ಕತ್ತಲಾದ ಮ್ಯಾಲೆ ರಿಂಗ್ ಆತು, ಎತ್ತಾವ್ರ ಇಲ್ಲ. ಇನ್ನೊಂದ ಸಲ ನೋಡು, ಇನ್ನೊಂದ ಸಲ ನೋಡು ಅಂತ ರಾತ್ರಿ ಮಾಡಿದ. ಸಹಿ ಮಾಡೂದ್ರಾಗ ಮೈಯೆಲ್ಲಾ ವಿಷ ಏರಿತ್ತು." ಸಿದರಾಯ ಮುಖ ಒರೆಸಿಕೊಂಡ. "ನಿಮ್ಮವ್ವಗ ಹೇಳಬ್ಯಾಡ. ಹೇಳಿ ಏನು ಬಂತು?"

ಇಬ್ಬರೂ ಮನೆಗೆ ಹೋದರು. ಕಾಡವ್ವ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಸವರುತ್ತ, ಅದೇ ಮಾತು ಹೇಳಿದಳು. "ಹಿಂದಿನ ದಿನಾನ ರಿಂಗ್ ಕೊಟ್ಟಿದ್ದನಪಾ. ಭಾಳ ನರಳಲಿಲ್ಲ, ಹೌದಿಲ್ಲೋ?"

ಸಿದರಾಯ ನೆಲ ನೋಡುತ್ತ "ಹೌದ ಕಾಕೂ" ಎಂದ.

ಆ "ಹೌದ" ಪ್ರಮಿಳಾಳಿಗೆ ತಡೆಯಲಾಗಲಿಲ್ಲ. ಪಾಪದ ಹುಡುಗ ಇವಳ ಸುಳ್ಳನ್ನು ತಾನು ಹೊರುತ್ತಿದ್ದ. ಕೋಲೂರಿ ಅವ್ವನ ಮುಂದೆ ನೆಲಕ್ಕೆ ಕೂತಳು. "ಇಲ್ಲವ್ವ. ರಿಂಗ್ ಬಂದಿರಲಿಲ್ಲ. ರಿಜಲ್ಟ್ ಇತ್ತು, ನಾ ಲೈನ್ ಬಿಡಲಿಲ್ಲ. ಅಣ್ಣ ನಿನ್ನ ಮಾತಿಗೆ ಕಾದು ಕಾದು ಸತ್ತಾನ." ಉಳಿದದ್ದನ್ನೂ ಹೇಳಿದಳು, ಏನೂ ಬಿಡದೆ.

ಕಾಡವ್ವ ಅಳಲಿಲ್ಲ, ಬಯ್ಯಲಿಲ್ಲ. ಚೀಲ ಸವರುತ್ತಿದ್ದ ಕೈ ಮಾತ್ರ ನಿಂತಿತು. ಆಮೇಲೆ ಕೇಳಿದಳು:

"ಎಷ್ಟ ಗಳಿಸಿದಿ ಅವತ್ತ?"

ನೆನಪಿಲ್ಲ ಎನ್ನಬಹುದಿತ್ತು. ಆದರೆ ನೆನಪಿತ್ತು. "ಏಳನೂರಾ ಎಂಬತ್ತು," ಎಂದಳು ಪ್ರಮಿಳಾ.

ಕಾಡವ್ವ ಚೀಲವನ್ನು ಎದೆಗೆ ಅವಚಿಕೊಂಡು ಎದ್ದಳು. "ಸಿದರಾಯ, ಚಾ ಕುಡದ ಹೋಗಪಾ," ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಎರಡೇ ಕಪ್ಪುಗಳಲ್ಲಿ ಚಹಾ ತಂದಳು. ಒಂದನ್ನು ಅವನ ಕೈಗೆ ಕೊಟ್ಟಳು, ಇನ್ನೊಂದನ್ನು ತಾನು ಹಿಡಿದುಕೊಂಡು ಕೂತಳು.