ಹೊಂಗೆಮರದ ಗೋಣಿದಾರ

ನಮ್ಮ ಅಂಗಳದ ಹೊಂಗೆಮರದ ಬೊಡ್ಡೆಗೆ, ನನ್ನ ಭುಜದ ಎತ್ತರದಲ್ಲಿ, ಹೆಬ್ಬೆರಳು ಗಾತ್ರದ ಹಗ್ಗವೊಂದನ್ನು ಸುತ್ತಿದ್ದೇನೆ. ಆ ಹಗ್ಗದಿಂದ ಅಕ್ಕಿಮೂಟೆಯ ಬಾಯಿ ಹೊಲಿಯುವ ಗೋಣಿದಾರದ ಸಣ್ಣ ಕುಣಿಕೆಯೊಂದು ನೇತಾಡುತ್ತಿದೆ. ಮನೆಗೆ ಬಂದವರು ಅದನ್ನು ನೋಡಿ, ಯಾವ ದೇವರ ಹರಕೆ ಎಂದು ಕೇಳುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಶಾರದಮ್ಮ, "ಹರಕೆ ಅಲ್ರೀ, ನಮ್ಮನೆಯವರ ಜಂಬ ಇಳಿದ ಗುರ್ತು ಅದು" ಎಂದು ಕಾಫಿ ತರಲು ಒಳಗೆ ಹೋಗುತ್ತಾಳೆ. ಆಕೆ ಹೇಳುವುದರಲ್ಲಿ ಮುಕ್ಕಾಲು ಪಾಲು ನಿಜವಿದೆ. ಉಳಿದ ಕಾಲು ಪಾಲನ್ನು ನಿಮಗೆ ಹೇಳುತ್ತೇನೆ, ಕೇಳಿ.

ಗಂಟಿನ ವಿಷಯದಲ್ಲಿ ನನ್ನ ಜಂಬಕ್ಕೆ ಕಾರಣವಿತ್ತು. ಮೂವತ್ತು ವರ್ಷ ಎತ್ತು ಕಟ್ಟಿದವನು ನಾನು. ನಾನು ಹುಲ್ಲಿನ ಗಾಡಿಗೆ ಬಿಗಿದ ಹಗ್ಗ ಸಾಸ್ವೆಹಳ್ಳಿಯಿಂದ ಹೊನ್ನಾಳಿ ಮುಟ್ಟುವವರೆಗೆ ಒಂದೆಳೆಯೂ ಸಡಿಲವಾದದ್ದಿಲ್ಲ. ನಾನು ಗೂಟಕ್ಕೆ ಕಟ್ಟಿದ ಹೋರಿ ನಾನೇ ಬಂದು ಬಿಚ್ಚುವ ತನಕ ಅಲ್ಲಿಂದ ಕದಲಿದ್ದಿಲ್ಲ. ಕಟ್ಟುವುದೆಂದರೆ ಬಿಗಿಯುವುದು, ಬಿಗಿಯುವುದೆಂದರೆ ತಾನಾಗಿ ಬಿಚ್ಚದಂತೆ ಬಿಗಿಯುವುದು. ಇಷ್ಟೇ ನನಗೆ ಗೊತ್ತಿದ್ದ ಶಾಸ್ತ್ರ. ಲೋಕವೂ ನನ್ನ ಕಡೆಗೇ ಇತ್ತೆನ್ನಿ. ಮನೆ ಕಟ್ಟುತ್ತೇವೆ, ಕೆರೆ ಕಟ್ಟುತ್ತೇವೆ, ತಾಳಿ ಕಟ್ಟುತ್ತೇವೆ. ಬುತ್ತಿಯೊಂದನ್ನು ಬಿಟ್ಟರೆ, ಬಿಚ್ಚಿಹೋಗಲೆಂದು ಯಾರು ತಾನೇ ಏನನ್ನು ಕಟ್ಟುತ್ತಾರೆ?

ಬೇಸಿಗೆಯಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ ಜಗಳೂರು ಕಡೆಯಿಂದ ನಮ್ಮ ಗದ್ದೆಗೆ ಕುರಿಮಂದೆ ಬರುತ್ತದೆ. ಹಗಲೆಲ್ಲ ಸುತ್ತಮುತ್ತ ಮೇಯ್ದು ಬಂದ ಕುರಿಗಳು ಐದು ದಿನ ನಮ್ಮಲ್ಲೇ ಮಲಗುತ್ತವೆ, ಅವುಗಳ ಹಿಕ್ಕೆಯೇ ನಮಗೆ ಗೊಬ್ಬರ; ಆಮೇಲೆ ಮಂದೆ ಸವಳಂಗದ ದಾರಿ ಹಿಡಿಯುತ್ತದೆ. ಮಂದೆಯ ಹಿರಿಯರು ಬೀರಪ್ಪ. ಅವರ ತಂಗಿ ಮಾಳಮ್ಮ, ಮಾಳಮ್ಮನವರ ಹೆಣ್ಣುಕುದುರೆ ಚಿನ್ನಿ. ಅಡುಗೆಯ ಪಾತ್ರೆ, ಕಂಬಳಿ, ಹುಟ್ಟಿ ಒಂದೆರಡು ದಿನವಾಗಿ ಇನ್ನೂ ದೂರ ನಡೆಯಲಾರದ ಮರಿಗಳು, ಎಲ್ಲವೂ ಚಿನ್ನಿಯ ಬೆನ್ನಿನ ಎರಡು ಬದಿಯ ಜೋಳಿಗೆಗಳಲ್ಲಿ ಊರೂರು ತಿರುಗುತ್ತವೆ. ಮೊದಲು ಮರಿಗಳನ್ನು ಮಾಳಮ್ಮನವರೇ ಹೊರುತ್ತಿದ್ದರಂತೆ. ಈಗ ಮಂಡಿ ಕೇಳುವುದಿಲ್ಲ.

ಹೋದ ವರ್ಷ ಬಂದಾಗ ಚಿನ್ನಿಗೆ ಒಂದು ಹೊಸ ಚಾಳಿ ಅಂಟಿಕೊಂಡಿತ್ತು. ಚನ್ನಗಿರಿ ರಸ್ತೆಯಲ್ಲಿ ನಿಂತ ಲಾರಿಯೊಂದಕ್ಕೆ ಕಟ್ಟಿದ್ದಾಗ, ಲಾರಿಯ ತಾಡಪಾಲು ಗಾಳಿಗೆ ಪಟಪಟನೆ ಬಡಿದು ಬೆದರಿಸಿತ್ತು. ಅಂದಿನಿಂದ ಕತ್ತಿನ ಹಗ್ಗ ಬಿಗಿಯಾಯಿತೆಂದರೆ ಸಾಕು, ಮೈಯ ಭಾರವನ್ನೆಲ್ಲ ಹಿಂದಕ್ಕೆ ಹಾಕಿ ಜಗ್ಗುತ್ತಿತ್ತು. ಎರಡು ಸಲ ಹಗ್ಗ ಹರಿದಿತ್ತು, ಒಂದು ಸಲ ಜೋಳಿಗೆ ಜಾರಿ ಮರಿಯೊಂದರ ಕಾಲು ಮುರಿದಿತ್ತು. ಇನ್ನೊಂದು ಸಲ ಜಗ್ಗಿದರೆ ಸಂತೆಗೆ ಹೊಡೆದು ಮಾರಿಬಿಡುವುದೇ ಎಂದು ಬೀರಪ್ಪ ಖಂಡಿತವಾಗಿ ಹೇಳಿಬಿಟ್ಟಿದ್ದರು.

ಬಂದ ದಿನವೇ, ನಮ್ಮ ಅಂಗಳದ ಗೇಟಿನ ಬಳಿ ಕುರಿಯೊಂದು ಈಯಲು ಶುರುಮಾಡಿತು. ಮಾಳಮ್ಮ ಚಿನ್ನಿಯ ಹಗ್ಗವನ್ನು ನನ್ನ ಕೈಗಿಟ್ಟು, "ಯಜಮಾನ್ರೇ, ಒಂಚೂರು ಹಿಡ್ಕಂಡಿರ್ರಿ. ಕಟ್ಟಬ್ಯಾಡ್ರಿ ಮತ್ತೆ" ಎಂದು ಓಡಿದರು. ಕಟ್ಟಬೇಡ ಎಂದು ನನಗೆ ಹೇಳುವುದೇ! ನಾನು ಗೇಟಿನ ಕೆಳಗಿನ ಕಂಬಿಗೆ ಎತ್ತಿನ ಗಂಟು ಹಾಕಿ, ಎರಡು ಸಲ ಜಗ್ಗಿ ನೋಡಿ, ಮೀಸೆಯ ಮೇಲೆ ಕೈಯಾಡಿಸಿದೆ. ಅದೇ ಹೊತ್ತಿಗೆ ಶಾರದಮ್ಮ ಭತ್ತ ಒಣಹಾಕಲು ತಾಡಪಾಲು ಕೊಡವಿದಳು.

ಚಿನ್ನಿ ಜಗ್ಗಿತು. ಗೇಟು ಕೀಲಿನಿಂದ ಎದ್ದು ಬಂತು. ತನ್ನ ಕಡೆಗೇ ಬರುತ್ತಿದ್ದ ಗೇಟನ್ನು ಕಂಡು ಅದು ಇನ್ನಷ್ಟು ಜಗ್ಗಿತು, ಹಿಂಗಾಲ ಮೇಲೆ ಕುಸಿಯಿತು, ಕಣ್ಣು ಬೆಳ್ಳಗಾದವು. ಬಿಚ್ಚೋಣವೆಂದರೆ ನನ್ನ ಗಂಟು ಕಲ್ಲಾಗಿತ್ತು! ಬೆರಳು ತೂರಿಸಿ ಒದ್ದಾಡುತ್ತಿದ್ದ ನನಗೆ "ಕೈ ತೆಗೀರಿ!" ಎಂದು ಕೂಗುತ್ತಾ ಬಂದ ಮಾಳಮ್ಮ ಕುಡುಗೋಲಿನಿಂದ ಹಗ್ಗ ಕೊಯ್ದರು. ಕುದುರೆ ಉಳಿಯಿತು, ನನ್ನ ಬೆರಳೂ ಉಳಿಯಿತು.

"ಆತು ಬಿಡವ್ವ, ಇನ್ನು ಸಂತೆಗೇ" ಎಂದರು ಬೀರಪ್ಪ. ಮಾಳಮ್ಮ ಬಗ್ಗಿ ಹಗ್ಗದ ತುಂಡುಗಳನ್ನು ಆರಿಸಿಕೊಳ್ಳತೊಡಗಿದರು. ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಬಗ್ಗಿದ ಬೆನ್ನು ಕಂಡು ನನಗೆ ನಾಚಿಕೆಯಾಯಿತು. "ಬೀರಪ್ಪ, ತಪ್ಪು ಕುದುರೆದಲ್ಲ, ನಂದು. ಕಟ್ಟಬ್ಯಾಡ್ರಿ ಅಂದಿದ್ರು, ನಾನೇ ಕಟ್ಟಿದೆ" ಎಂದೆ. ಬೀರಪ್ಪ ನನ್ನನ್ನೂ ಬಿದ್ದ ಗೇಟನ್ನೂ ನೋಡಿ, "ಮಂದೆ ಏಳಾಕೆ ಐದು ದಿನ ಐತೆ. ಅಷ್ಟ್ರಾಗೆ ಸರಿಹೋದ್ರೆ ನೋಡಾನ" ಎಂದರು.

ಆ ಐದು ದಿನ ನಾನು ಮಾಳಮ್ಮನವರ ಶಿಷ್ಯ. ಹೊಂಗೆಮರದ ಬೊಡ್ಡೆಗೆ, ಕುದುರೆಯ ಬೆನ್ನಿಗಿಂತ ಮೇಲೆ, ಚಿನ್ನಿಯ ಕತ್ತಿನಿಂದ ಬಂದ ಉದ್ದ ಹಗ್ಗವನ್ನು ಒಂದೇ ಸುತ್ತು ಸುತ್ತಿ, ಗಂಟು ಹಾಕದೆ, ತುದಿಯನ್ನು ನನ್ನ ಕೈಗೆ ಕೊಟ್ಟರು. "ಕೈಗೆ ಸುತ್ಕಂಬ್ಯಾಡ್ರಿ. ಜಗ್ಗಿದ್ರೆ ಬಿಡ್ರಿ, ಪೂರಾ ಬಿಡಬ್ಯಾಡ್ರಿ. ಮುಂದಕ್ಕೆ ಬಂದ್ರೆ ತಕ್ಷಣ ಸಡ್ಲ ಮಾಡ್ರಿ" ಎಂದು ತಾವು ಚಿನ್ನಿಯ ಪಕ್ಕ ನಿಂತರು. ಅದು ಜಗ್ಗಿದಾಗ ಹಗ್ಗ ತೊಗಟೆಯ ಮೇಲೆ ಒಲ್ಲದ ಮನಸ್ಸಿನಿಂದ ಜಾರುತ್ತಿತ್ತು; ಜಗ್ಗಲು ಬಿಗಿ ಸಿಗದೆ ಚಿನ್ನಿ ತಬ್ಬಿಬ್ಬಾಗಿ ನಿಲ್ಲುತ್ತಿತ್ತು; ಒಂದು ಹೆಜ್ಜೆ ಮುಂದೆ ಬಂದರೆ ಕತ್ತು ಹಗುರ. ಬೆಳಿಗ್ಗೆ ನಾಲ್ಕು ಸಲ, ಸಂಜೆ ನಾಲ್ಕು ಸಲ, ಇದೇ ಪಾಠ.

ಹಗ್ಗ ಹಿಡಿದು ನಿಂತವನಿಗೆ ಯೋಚಿಸಲು ಬಿಡುವು ಹೆಚ್ಚು. ಚಿನ್ನಿಯ ಭಯ ತಾಡಪಾಲಿನದಲ್ಲ, ತಪ್ಪಿಸಿಕೊಂಡು ಹೋಗಲಾರೆನೆಂಬುದರದು ಎಂದು ಎರಡನೆಯ ದಿನ ನನಗೆ ಹೊಳೆಯಿತು. ಹುಡುಗನಾಗಿದ್ದಾಗ ಚನ್ನಗಿರಿಯ ಹಾಸ್ಟೆಲಿನಲ್ಲಿದ್ದೆ. ರಾತ್ರಿ ಹೊರಗಿನಿಂದ ಬೀಗ ಹಾಕುತ್ತಿದ್ದರು. ಬೀಗವಿದ್ದಷ್ಟು ದಿನ ನಾನು ಹಿಂದಿನ ಗೋಡೆ ಹಾರಿದೆ, ಹೊರಗೆ ಹೋಗಿ ಮಾಡುವ ಕೆಲಸ ಏನೂ ಇರಲಿಲ್ಲ. ಬೀಗ ಕೆಟ್ಟುಹೋಗಿ ಬಾಗಿಲನ್ನು ಬರೀ ಮುಂದಕ್ಕೆಳೆದಿಡುತ್ತಿದ್ದ ಆ ಒಂದು ತಿಂಗಳು ಒಳ್ಳೆಯ ನಿದ್ದೆ ಮಾಡಿದೆ. ಇಂಥ ನಾನು ಮುಂದೆ ಮನೆಯ ಯಜಮಾನನಾಗಿ ಎಲ್ಲರನ್ನೂ ಎತ್ತಿನ ಗಂಟಿನಲ್ಲೇ ಕಟ್ಟಲು ನೋಡಿದ್ದು ಹೇಗೆಂದು ಈಗ ಆಶ್ಚರ್ಯವಾಗುತ್ತದೆ. ಶಾರದಮ್ಮನಿಗೆ ಆಶ್ಚರ್ಯವೇನೂ ಆಗುವುದಿಲ್ಲವಂತೆ.

ಐದನೆಯ ದಿನ ಮಾಳಮ್ಮ ಮರಕ್ಕೆ ದಪ್ಪ ಹಗ್ಗ ಬಿಗಿದು, ಅದಕ್ಕೆ ಗೋಣಿದಾರದ ಕುಣಿಕೆ ಹಾಕಿ, ಚಿನ್ನಿಯ ಹಗ್ಗವನ್ನು ಆ ದಾರಕ್ಕೆ, ತುದಿ ಎಳೆದರೆ ಬಿಚ್ಚಿಕೊಳ್ಳುವ ಗಂಟಿನಿಂದ ಕಟ್ಟಿದರು. "ಈ ದಾರ ಎಲ್ಲಿ ತಡೀತೈತೆ?" ಎಂದೆ. "ಹರೀಲಿ ಅಂತ್ಲೇ ಹಾಕಿರೋದು ಕಣ್ರೀ. ಕತ್ತು ಮುರಿಯಾಕೆ ಮುಂಚೆ ದಾರ ಹರೀಬೇಕು" ಎಂದರು.

ಬೀರಪ್ಪ ತಾವೇ ತಾಡಪಾಲು ಎತ್ತಿ ಜೋರಾಗಿ ಕೊಡವಿದರು. ಚಿನ್ನಿ ತಲೆಯೆತ್ತಿ ಹಿಂದಕ್ಕೆ ಜಗ್ಗಿತು, ದಾರ ಫಟ್ಟನೆ ಹರಿಯಿತು. ಮಾಳಮ್ಮ ಕಣ್ಣು ಮುಚ್ಚಿದರು. ಕುದುರೆಗೆ ಈಗ ಹೊಳೆಯ ದಂಡೆಯ ತನಕ ಬಯಲು. ತಡೆಯುವವರು ಯಾರೂ ಇರಲಿಲ್ಲ. ಅದು ಎರಡು ಹೆಜ್ಜೆ ಹಿಂದೆ ಸರಿದು ನಿಂತಿತು. ಕಿವಿ ಅತ್ತಿತ್ತ ಆಡಿಸಿತು. ಆಮೇಲೆ ನೆಲದಲ್ಲಿ ಹಗ್ಗ ಎಳೆದುಕೊಂಡು ತಾನಾಗಿ ಬಂದು ಮರದ ಬುಡದಲ್ಲಿ ಮಾಳಮ್ಮನವರ ಪಕ್ಕ ನಿಂತಿತು.

ಬೀರಪ್ಪ ತಾಡಪಾಲನ್ನು ನಿಧಾನವಾಗಿ ಮಡಿಚಿದರು. "ಮರಿ ಹೇರ್ರಿ" ಎಂದರು.

ಗೋಣಿದಾರ ಒಂದು ಮಳೆಗಾಲವನ್ನೂ ತಾಳುವುದಿಲ್ಲ. ನೈಲಾನ್ ಕಟ್ಟಬಾರದೇ ಎಂದು ಶಾರದಮ್ಮ ಕೆಣಕುತ್ತಾಳೆ. ನಾನು ಮಾತ್ರ ಹೊಸ ಗೋಣಿದಾರವನ್ನೇ ಹೊಸೆದು, ಬೆರಳಿನಿಂದ ಜಗ್ಗಿ, ಹರಿಯುತ್ತದೆಂದು ಖಾತ್ರಿ ಮಾಡಿಕೊಂಡೇ ಕಟ್ಟುತ್ತೇನೆ. ಗಂಟಿನಲ್ಲಿ ಸಾಸ್ವೆಹಳ್ಳಿಗೆ ನಾನೇ ಮೇಲೆಂಬ ನಂಬಿಕೆ ಈಗ ಮೊದಲಿಗಿಂತ ಗಟ್ಟಿಯಾಗಿದೆ.

ಮೊನ್ನೆ ಮಂದೆ ಮತ್ತೆ ಬಂತು. ಬರುತ್ತಿದ್ದಂತೆ ಕುರಿಯೊಂದು ಈಯುವ ನೋವಿಗೆ ನರಳತೊಡಗಿತು. ಮಾಳಮ್ಮ ಚಿನ್ನಿಯ ಹಗ್ಗವನ್ನು ನನ್ನ ಕೈಗಿಟ್ಟರು. ಹಿಡ್ಕಂಡಿರ್ರಿ ಎನ್ನಲಿಲ್ಲ, ಕಟ್ಟಬ್ಯಾಡ್ರಿ ಎನ್ನಲಿಲ್ಲ; ಹಿಂದಿರುಗಿಯೂ ನೋಡದೆ ಕುರಿಯ ಕಡೆ ನಡೆದರು. ನಾನು ಹೊಂಗೆಮರದತ್ತ ಹೊರಟೆ. ಹಗ್ಗ ಸಡಿಲವಾಗಿಯೇ ಇತ್ತು, ಚಿನ್ನಿ ಹಿಂದೆ ಬಂತು.