ಚಾಕ್ಕೆ ನೀರಿಟ್ಟಿದ್ದೇನೆ

ಸತ್ತ ರಿಮೋಟು, ಹಳೆಯ ಟಾರ್ಚು, ಯಾವ ಬೀಗದ್ದೆಂದು ಮರೆತೇಹೋದ ಬೀಗದ ಕೈಗಳು ತುಂಬಿದ ನಮ್ಮ ಮನೆಯ ಡ್ರಾಯರಿನ ತಳದಲ್ಲಿ ಮೊನ್ನೆ ಒಂದು ಉಕ್ಕಿನ ಕಡ್ಡಿ ಸಿಕ್ಕಿತು. ಗೇಣುದ್ದದ್ದು. ಒಂದು ತುದಿ ಚೂಪು, ಇನ್ನೊಂದು ತುದಿಗೆ ಹೆಣೆದ ತಂತಿಯ ಬಾಲ. ಹೆಣಿಗೆಯ ಸಂದಿಯಲ್ಲಿ ಕಪ್ಪು ಜಿಡ್ಡು ಕೂತಿತ್ತು. ಮೂಗಿಗೆ ಹಿಡಿದೆ. ತೆಂಗಿನ ಗೆರಟೆಯ ಕೆಂಡದ ಹೊಗೆ, ಸುಟ್ಟ ಬೆಳ್ಳುಳ್ಳಿ, ಲಿಂಬೆಹುಳಿ... ಇಷ್ಟು ವರ್ಷ ವಾಸನೆ ಉಳಿಯುವುದುಂಟೇ ಎಂದು ಯಾರಾದರೂ ಕೇಳಬಹುದು. ಮೂಗಿಗೆ ಬಂದದ್ದನ್ನು ಹೇಳಿದೆ, ಅಷ್ಟೆ.

ನಾನು ಹುಡುಕುತ್ತಿದ್ದದ್ದು ಬೇರೇನನ್ನೋ. ಕೆಲವು ವಾರಗಳ ಹಿಂದೆ ಮಗಳು ತಾರಸಿಯ ಮೇಲಿಡಲು ಕೋಳಿ ಸುಡುವ ಒಲೆಯೊಂದನ್ನು ತರಿಸಿದ್ದಳು. ಅದಕ್ಕೊಂದು ವಯರ್‌ಲೆಸ್ ಥರ್ಮಾಮೀಟರು ಆರಿಸುವ ಕೆಲಸವನ್ನು ನನಗೆ ಒಪ್ಪಿಸಿದ್ದಳು. ಮಾಂಸದೊಳಗೆ ಚುಚ್ಚಿಟ್ಟರೆ ಒಳಗಿನ ಬಿಸಿ ಎಷ್ಟೆಂದು ಫೋನಿನಲ್ಲಿ ಕಾಣಿಸುತ್ತದಂತೆ. ನಾನು ಕೊಂಡವರ ಅಭಿಪ್ರಾಯಗಳನ್ನೆಲ್ಲ ಕೂತು ಓದಿದೆ. ಐದು ನಕ್ಷತ್ರ ಕೊಟ್ಟವರನ್ನು ನಾನು ನಂಬುವುದಿಲ್ಲ. ಒಂದೇ ನಕ್ಷತ್ರ ಕೊಟ್ಟವರನ್ನು ನಂಬಿ ನಿದ್ದೆ ಕೆಡಿಸಿಕೊಳ್ಳುತ್ತೇನೆ. ಬ್ಯಾಟರಿ ಊದಿಕೊಂಡರೆ? ಕಡ್ಡಿ ಕೋಳಿಯೊಳಗೇ ಮುರಿದರೆ? ಕೆಳಗಿನ ಕೋಣೆಗೆ ಸಂಕೇತ ತಲುಪದಿದ್ದರೆ? ವಾರಗಳು ಕಳೆದವು. ಕೊನೆಗೆ ಮಗಳು ಹೇಳಿದಳು: "ಅಪ್ಪಾ, ಥರ್ಮಾಮೀಟರ್ ಆರಿಸ್ಲಿಕ್ಕೆ ಹೇಳಿದ್ದು. ನನಗೆ ಗಂಡು ಹುಡುಕ್ಲಿಕ್ಕೆ ಅಲ್ಲ."

ಇಂಥದ್ದೊಂದನ್ನು ನಾನು ಆರಿಸುತ್ತಿದ್ದದ್ದು ಎರಡನೆಯ ಸಲ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಮೊದಲನೆಯದನ್ನು ಆರಿಸಿದ್ದು ನೆರೆಮನೆಯ ಕಾಕನಿಗಾಗಿ.

ಬೆಳುವಾಯಿಯಲ್ಲಿ ನಮ್ಮದು ಬೇಲಿಗೆ ಬೇಲಿ ತಾಗಿದ ಮನೆಗಳು. ಬಹರೈನಿನ ಹೋಟೆಲೊಂದರಲ್ಲಿ ಕೆಂಡದ ಮೇಲೆ ಮಾಂಸ ಸುಡುವ ಕೆಲಸವನ್ನೇ ಪ್ರಾಯವಿಡೀ ಮಾಡಿ, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಾಕ ಊರಿಗೆ ಮರಳಿದ್ದರು. ಊರಿಗೆಲ್ಲ ಕಾಕ, ನನಗೂ ಕಾಕ. ನಾನು ಮೂಡುಬಿದಿರೆಯ ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬಿನಲ್ಲಿದ್ದೆ. ಪಾಠ ಮಾಡುವವನಲ್ಲ; ಮಕ್ಕಳು ಗಾಜು ಒಡೆಯದಂತೆ, ಪಾದರಸ ಚೆಲ್ಲದಂತೆ ಕಾಯುವವನು. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಕೆಲಸ. ಆದರೂ ಕಾಕ ನನ್ನನ್ನು ಮಾಷ್ಟ್ರೇ ಎಂದೇ ಕರೆದರು. ನಾನು ಮಾಷ್ಟ್ರಲ್ಲ ಎಂದು ತಿದ್ದಿ ನೋಡಿದೆ. ಆಮೇಲೆ ಕೇಳಲು ಹಿತವಾಗಿಯೇ ಇದೆಯಲ್ಲ ಎಂದು ಸುಮ್ಮನಾದೆ.

ತಗಡಿನ ಡ್ರಮ್ಮೊಂದನ್ನು ಉದ್ದಕ್ಕೆ ಸೀಳಿಸಿ, ಕೆಳಗಿನ ಅರ್ಧಕ್ಕೆ ಕಾಲು, ಮೇಲಿನ ಅರ್ಧಕ್ಕೆ ಹಿಡಿ ಹಾಕಿಸಿ, ಕಾಕ ಮನೆಯೆದುರು ರಸ್ತೆಯ ಬದಿಗೆ ಇಟ್ಟಿದ್ದರು. ಒಳಗೆ ಗೆರಟೆಯ ಇದ್ದಿಲು. ಇಡೀ ಕೋಳಿಗಳನ್ನು ಸಾಲಾಗಿ ಇಟ್ಟು ಮುಚ್ಚಿಬಿಟ್ಟರೆ ಕೆಂಡಕ್ಕಿಂತ ಹೆಚ್ಚು ಹೊಗೆಯಲ್ಲೇ ಬೇಯುತ್ತಿದ್ದವು. ಸಂಜೆ ಕಾರ್ಕಳದ ಕಡೆ ಹೋಗುವ ಕಾರುಗಳೂ ನಿಲ್ಲುತ್ತಿದ್ದವು. ಆದರೆ ಜನ ಕಾದು ನೋಡುತ್ತಿದ್ದದ್ದು ಕೋಳಿಯನ್ನಲ್ಲ, ಕಾಕನ ಕೈಯನ್ನು. ಮುಚ್ಚಳ ಎತ್ತುವರು, ಎರಡು ಬೆರಳಿನಿಂದ ಕೋಳಿಯ ತೊಡೆಯನ್ನು ಒತ್ತುವರು, ಕಣ್ಣು ಅರ್ಧ ಮುಚ್ಚುವರು. "ಆಯ್ತು" ಎಂದರೆ ಆಯಿತು. "ಇನ್ನು ಸ್ವಲ್ಪ" ಎಂದರೆ ಎಷ್ಟು ದೊಡ್ಡ ಕಾರಿನವನೂ ಕಾಯಬೇಕು.

ಒಂದು ಸಂಜೆ ನನ್ನೊಡನೆ ಮಾತಾಡುತ್ತ ಮಾತಾಡುತ್ತ ಅವರು ಕಾದ ಕಬ್ಬಿಣದ ಜಾಲರಿಯನ್ನು ಬರಿಗೈಯಲ್ಲಿ ಹಿಡಿದು ಪಕ್ಕಕ್ಕೆ ಇಟ್ಟರು. ಮಾತು ನಿಲ್ಲಲಿಲ್ಲ. ಒಳಗಿನಿಂದ ನೋಡಿದ ಅಕ್ಕ ಕೂಗುತ್ತ ಓಡಿ ಬಂದರು. ಅಕ್ಕ ಎಂದರೆ ಕಾಕನ ಹೆಂಡತಿ, ನಾನು ಕರೆಯುತ್ತಿದ್ದದ್ದು ಹಾಗೆ. ಕಾಕ ತಮ್ಮ ಬೆರಳುಗಳನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿದರು...

ಮರುದಿನ ಬೇಲಿಯ ಹತ್ತಿರ ಬಂದು ಹೇಳಿದರು. ಸಕ್ಕರೆ ಕಾಯಿಲೆ ಬೆರಳಿಗೆ ಇಳಿದಿತ್ತು. ಬಿಸಿ ತಿಳಿಯುತ್ತಿರಲಿಲ್ಲ, ಮೆತ್ತಗೆ ಗಟ್ಟಿ ತಿಳಿಯುತ್ತಿರಲಿಲ್ಲ, ಅಂಗಿಯ ಗುಂಡಿಯನ್ನು ಕನ್ನಡಿ ನೋಡಿಕೊಂಡು ಹಾಕುತ್ತಿದ್ದರು. ಎಷ್ಟೋ ತಿಂಗಳಿಂದ ಕೋಳಿಯನ್ನು ಒತ್ತುತ್ತಿದ್ದದ್ದು ಬರಿಯ ಅಭ್ಯಾಸ, "ಆಯ್ತು" ಎನ್ನುತ್ತಿದ್ದದ್ದು ಬರಿಯ ಅಂದಾಜು. ಅದೇ ವಾರ ಸಿದ್ಧಕಟ್ಟೆಯ ಒಂದು ದೊಡ್ಡ ಮನೆಗೆ ಹೋದ ಕೋಳಿಗಳು ರಿಕ್ಷಾದಲ್ಲಿ ಹಿಂದೆ ಬಂದಿದ್ದವು. ಬೈಗುಳವಿಲ್ಲ, ಮಾತಿಲ್ಲ. ಬಾಳೆಲೆ ಬಿಚ್ಚಿದರೆ ಮೂಳೆಯ ಹತ್ತಿರ ಇನ್ನೂ ಹಸಿ, ಕೆಂಪು. ಇನ್ನೊಮ್ಮೆ ಕೋಳಿ ಹಸಿ ಹೋದರೆ, ಇನ್ನೊಮ್ಮೆ ಕೈ ಸುಟ್ಟರೆ, ಡ್ರಮ್ಮು ಗುಜರಿಗೆ ಎಂದು ಅಕ್ಕ ಹೇಳಿಬಿಟ್ಟಿದ್ದರು. ಅವರು ಹೇಳಿದರೆ ಮಾಡುವವರೇ.

"ಡ್ರಮ್ಮು ಹೋದರೆ ನಾನೆಂತ ಮಾಷ್ಟ್ರೇ? ಜಗಲಿಯಲ್ಲಿ ಕೂತು ಮಾತ್ರೆ ನುಂಗುವವ" ಎಂದರು ಕಾಕ. ಆಮೇಲೆ ತಗ್ಗಿದ ದನಿಯಲ್ಲಿ, ಕಾಲೇಜಿನಲ್ಲಿ ಬಿಸಿ ನೋಡುವ ಗಾಜಿನ ಕಡ್ಡಿ ಉಂಟಲ್ಲ, ಒಂದು ಕೋಳಿಯ ಮಟ್ಟಿಗೆ ಸಿಗಬಹುದೇ ಎಂದು ಕೇಳಿದರು.

ನಾನು ಪಾದರಸದ ಬಗ್ಗೆ ಒಂದು ಉಪನ್ಯಾಸವನ್ನೇ ಕೊಟ್ಟೆ. ಗಾಜು ಒಡೆದರೆ ಏನು, ಮಾಂಸಕ್ಕೆ ಸೇರಿದರೆ ಏನು, ತಿಂದವರಿಗೆ ಏನು. ಕಾಕ ತಾಳ್ಮೆಯಿಂದ ಕೇಳಿಸಿಕೊಂಡರು. "ಹಾಗಾದರೆ ಬೇಡ. ಹಸಿ ಕೋಳಿಯಾದರೆ ಹಿಂದೆ ಬರ್ತದೆ. ಪಾದರಸ ತಿಂದವರು ಹಿಂದೆ ಬರುವುದಿಲ್ಲ."

ಹಾಗೆ ನಾನು ಮೂಡುಬಿದಿರೆಯ ಸೈಬರ್ ಕೆಫೆಯಲ್ಲಿ ಕೂತೆ. ಹೊರದೇಶಗಳಲ್ಲಿ ಮಾಂಸಕ್ಕೆಂದೇ ಉಕ್ಕಿನ ಥರ್ಮಾಮೀಟರುಗಳಿದ್ದವು. ಕಾಕನದ್ದು ಒಂದೇ ಷರತ್ತು: ಯಾರಿಗೂ ಕಾಣಬಾರದು. ಕಡ್ಡಿ ನೋಡಿ ಬೇಯಿಸುವವನ ಹತ್ತಿರ ಯಾರು ಬರ್ತಾರೆ, ಅದು ಅವರ ಮನೆಯಲ್ಲೂ ಆಗ್ತದಲ್ಲ ಎಂಬುದು ಅವರ ವಾದ. ಮುಖ ನೋಡಿದರೆ ಅದು ವಾದವಾಗಿರಲಿಲ್ಲ, ಮಾನವಾಗಿತ್ತು. ಹಾಗಾಗಿ ವಯರ್‌ಲೆಸ್. ಕಡ್ಡಿ ಕೋಳಿಯೊಳಗೆ, ಅದರ ತಂತಿ ಡ್ರಮ್ಮಿನ ಪಕ್ಕದ ಪುಟ್ಟ ಪೆಟ್ಟಿಗೆಗೆ, ಆ ಪೆಟ್ಟಿಗೆ ಗಾಳಿಯಲ್ಲೇ ಸುದ್ದಿ ಕಳಿಸಿದರೆ ದೂರದಲ್ಲಿಟ್ಟ ಇನ್ನೊಂದು ಡಬ್ಬಿ ಕೂಗುತ್ತದೆ. ತಂತಿ ಎಷ್ಟು ಬಿಸಿ ತಾಳುತ್ತದೆ, ಕೆಂಪುಕಲ್ಲಿನ ಗೋಡೆಯನ್ನು ಸುದ್ದಿ ದಾಟುತ್ತದೆಯೇ, ಆ ಬ್ಯಾಟರಿ ಮೂಡುಬಿದಿರೆಯಲ್ಲಿ ಸಿಗುತ್ತದೆಯೇ... ಎಲ್ಲವನ್ನೂ ನೋಡಿ, ಪುಟಗಳನ್ನು ಮುದ್ರಿಸಿ ತಂದು, ಬೇಲಿಯ ಮೇಲೆ ಹರಡಿ ಚರ್ಚಿಸಿ, ಕೊನೆಗೊಂದನ್ನು ಆರಿಸಿದೆವು. ಬಹರೈನಿನಲ್ಲಿದ್ದ ಅಕ್ಕನ ತಮ್ಮ ರಜೆಗೆ ಬರುವಾಗ ಅದನ್ನು ತಂದ.

ಪೆಟ್ಟಿಗೆ ಬಿಚ್ಚಿದಾಗ ತಿಳಿಯಿತು, ಅದು ತೋರಿಸುವುದು ಫ್ಯಾರನ್‌ಹೀಟ್ ಮಾತ್ರ. ಜಗತ್ತಿನ ಎಲ್ಲ ಅನಾಹುತಗಳನ್ನು ಊಹಿಸಿದ ಲ್ಯಾಬಿನವನು ಆ ಒಂದನ್ನು ಮಾತ್ರ ನೋಡಿರಲಿಲ್ಲ. ಜೊತೆಗೆ ಬಂದ ಪುಸ್ತಿಕೆಯ ಲೆಕ್ಕದ ಕೋಳಿ ನಮ್ಮ ಕಡೆಯವರಿಗೆ ಆಗುವಂಥದ್ದೂ ಆಗಿರಲಿಲ್ಲ. ಮೂಳೆಯಿಂದ ಮಾಂಸ ತಾನಾಗಿ ಬಿಡದಿದ್ದರೆ ಇಲ್ಲಿ ಅದು ಹಸಿಯೇ. ಹಾಗಾದರೆ ಎಷ್ಟಕ್ಕೆ ನಿಲ್ಲಿಸುವುದು? ಕಾಕನ ಬೆರಳಿಗೆ ಗೊತ್ತಿದ್ದ ಆ ಹದಕ್ಕೆ ಒಂದು ಸಂಖ್ಯೆ ಬೇಕಿತ್ತು. ಬೆರಳೋ ಮರೆತಿತ್ತು.

ಕೊನೆಗೆ ಮಾಡಿದ್ದು ಹೀಗೆ. ಕಡ್ಡಿ ಚುಚ್ಚಿದ ಕೋಳಿಯನ್ನು ನಾನು ಒತ್ತುವುದು, ಅಕ್ಕ ಡಬ್ಬಿಯ ಅಂಕೆ ಓದುವುದು, ಕಾಕ ಕಣ್ಣು ಮುಚ್ಚಿ ನನ್ನ ಮಾತು ಕೇಳುವುದು.

"ಹೇಗುಂಟು?"

"ಸ್ವಲ್ಪ ಮೆತ್ತಗೆ."

"ಮೆತ್ತಗೆ ಅಂದ್ರೆ? ಪಪ್ಪಾಯಿಯ ಹಾಗಾ, ಬಾಳೆಹಣ್ಣಿನ ಹಾಗಾ?"

"ಪಪ್ಪಾಯಿ. ಕಾಯಿಯೂ ಅಲ್ಲ, ಹಣ್ಣೂ ಅಲ್ಲ."

"ಮುಚ್ಚಳ ಮುಚ್ಚಿ, ಮುಚ್ಚಿ. ನಿಮಗೆ ಅಡಿಗೆ ಮಾಡಿ ಹಾಕುವ ಆ ತಾಯಿಯ ಪುಣ್ಯ ದೊಡ್ಡದು."

ನನ್ನ ಬೆರಳುಗಳು ಸುಟ್ಟು ಕೆಂಪಾದವು. ಪ್ರತಿ ಸಲ ನಾನು ಕೈ ಕೊಡವಿಕೊಂಡಾಗಲೂ ಕಾಕ ಅದನ್ನು ಒಂದು ಬಗೆಯ ಆಸೆಯಿಂದ ನೋಡುತ್ತಿದ್ದರು. ಒತ್ತಿದ ಕಡೆ ಮಾಂಸ ತಗ್ಗಿ, ಮತ್ತೆ ನಿಧಾನಕ್ಕೆ ಮೇಲೆ ಬರ್ತಾ ಉಂಟು, ಮೂಳೆ ಸಡಿಲಾದ ಹಾಗೆ ಆಗ್ತದೆ ಎಂದು ನಾನು ಹೇಳಿದಾಗ ಅವರು ಕಣ್ಣು ತೆರೆದರು. "ಅದೇ." ಅಕ್ಕ ಓದಿದರು: ನೂರ ಎಂಬತ್ತು.

ಕಾಕ ನಕ್ಕರು. "ಊಟ ಆಗಿ ನೋಡಿದರೆ ನನ್ನ ಸಕ್ಕರೆಯೂ ಇಷ್ಟೇ ಮಾಷ್ಟ್ರೇ. ಕೋಳಿಯೂ ನಾನೂ ಒಟ್ಟಿಗೇ ಬೇಯುವುದು."

ಇನ್ನು ಡ್ರಮ್ಮಿನ ಪಕ್ಕದ ಪೆಟ್ಟಿಗೆಯನ್ನು ಅಡಗಿಸಬೇಕಿತ್ತು. ನಾನು ತುಂಬ ಯೋಚಿಸಿ ಒಂದು ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ ಇಟ್ಟೆ. ಸುದ್ದಿ ಹೊರಗೇ ಬರಲಿಲ್ಲ. ಭೌತಶಾಸ್ತ್ರದ ಲ್ಯಾಬಿನವನು ರೇಡಿಯೋ ಅಲೆಯನ್ನು ತಗಡಿನಲ್ಲಿ ಮುಚ್ಚಿಟ್ಟಿದ್ದೆ! ಕಾಕ ಗೋಡೆಯ ಮೊಳೆಯಲ್ಲಿದ್ದ ಅಡಿಕೆ ಹಾಳೆಯ ಟೊಪ್ಪಿ ತೆಗೆದು ಅದರ ಮೇಲೆ ಕವುಚಿದರು. ಬಿಡುವಿನಲ್ಲಿ ಯಾರೋ ಟೊಪ್ಪಿ ಕಳಚಿ ಇಟ್ಟಂತೆ ಕಾಣುತ್ತಿತ್ತು. ಕೂಗುವ ಡಬ್ಬಿ ಅಕ್ಕನ ಅಡಿಗೆಮನೆಯ ಕಿಟಕಿಯಲ್ಲಿ ಕೂತಿತು. ಅದು ಕೂಗಿದೊಡನೆ ಅಕ್ಕ ಒಳಗಿನಿಂದ ಹೇಳುವರು: "ಚಾಕ್ಕೆ ನೀರಿಟ್ಟಿದ್ದೇನೆ." ಕಾಕ ಅವಸರ ಮಾಡದೆ ಏಳುವರು, ಮುಚ್ಚಳ ಎತ್ತುವರು, ಕಡ್ಡಿಯನ್ನು ಕೈವಸ್ತ್ರದ ಮರೆಯಲ್ಲಿ ಎಳೆದುಕೊಳ್ಳುವರು, ಎರಡು ಬೆರಳಿನಿಂದ ಒತ್ತುವರು, ಕಣ್ಣು ಅರ್ಧ ಮುಚ್ಚುವರು. "ಆಯ್ತು."

ಆ ಬೆರಳುಗಳಿಗೆ ಏನೂ ಗೊತ್ತಾಗುತ್ತಿರಲಿಲ್ಲ ಎಂದು ತಿಳಿದಿದ್ದರೂ, ಅವರು ಹಾಗೆ ಹೇಳುವವರೆಗೆ ನಾನು ಆ ಅಂಕೆಯನ್ನು ನಂಬುತ್ತಿರಲಿಲ್ಲ.

ಅಷ್ಟರಲ್ಲಿ ಕೋಳಿ ಹಿಂದೆ ಕಳಿಸಿದ ಸಿದ್ಧಕಟ್ಟೆಯ ಮನೆಯಿಂದಲೇ ಮತ್ತೆ ಕರೆ ಬಂತು. ಮಗ ಮಸ್ಕತ್ತಿನಿಂದ ಬಂದಿದ್ದಾನೆ, ನೆಂಟರಿಗೆಲ್ಲ ಊಟ, ಡ್ರಮ್ಮು ತಂದು ಇಲ್ಲಿಯೇ ಸುಡಬೇಕು. ಕಾಕ ಒಪ್ಪಿಬಿಟ್ಟರು. ಇದು ಸರಿಯಾದರೆ ಡ್ರಮ್ಮು ಉಳಿಯಿತು, ತಪ್ಪಿದರೆ ಅಲ್ಲಿಂದಲೇ ಗುಜರಿಗೆ. ಅಕ್ಕನಿಗೆ ಮೊಣಕಾಲು ನೋವು, ಬರುವಂತಿರಲಿಲ್ಲ. ಕೂಗುವ ಡಬ್ಬಿ ನನ್ನ ಕಿಸೆಗೆ ಬಂತು. ಅದು ಕೂಗಿದರೆ ನಾನು ಹೇಳಬೇಕಾದ ಮಾತು: "ಕಾಕ, ಚಾ ಕುಡಿಯುವ." ಟೆಂಪೋದಲ್ಲಿ ದಾರಿಯುದ್ದಕ್ಕೂ ಅದನ್ನು ಬಾಯಿಪಾಠ ಮಾಡಿದೆ.

ಆ ಮನೆಯ ಯಜಮಾನರು ಡ್ರಮ್ಮಿನ ಹತ್ತಿರವೇ ಕುರ್ಚಿ ಹಾಕಿಸಿಕೊಂಡು ಕೂತರು. ಮಾತು ಕಡಿಮೆಯ ಮನುಷ್ಯ. ಅಲ್ಲಾಡಲಿಲ್ಲ. ಹೊಗೆಗೆ ನನಗೆ ಕೆಮ್ಮು ಬಂದರೆ ಕಾಕ ತಿರುಗಿ ನೋಡುವರು, ನಾನು ತಲೆಯಾಡಿಸಿ ಇಲ್ಲ ಎನ್ನುವೆ. ಕೊನೆಗೆ ಕಿಸೆ ಕೂಗಿತು. ಮನೆಯಲ್ಲಿ ಗುಬ್ಬಿಯಂತೆ ಕೇಳುತ್ತಿದ್ದ ಶಬ್ದ ಆ ಅಂಗಳದಲ್ಲಿ ಬಸ್ಸಿನ ಹಾರನ್ನಿನಂತೆ ಕೇಳಿಸಿತು. ನಾಲ್ಕಾರು ತಲೆಗಳು ತಿರುಗಿದವು. ನನ್ನ ಬಾಯಿಂದ "ಚಾ..." ಎಂಬಷ್ಟು ಹೊರಟಿತು, ಮುಂದೆ ಹೋಗಲಿಲ್ಲ.

"ಮಾಷ್ಟ್ರೇ, ನಿಮ್ಮ ಕಿಸೆ ಕೂಗ್ತಾ ಉಂಟು" ಎಂದರು ಯಜಮಾನರು. ಕಾಕನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಯಜಮಾನರು ಹಾಳೆ ಟೊಪ್ಪಿಯನ್ನೊಮ್ಮೆ ನೋಡಿದರು, ಕಾಕನ ಬೆರಳಿನ ಸುಟ್ಟ ಕಲೆಗಳನ್ನು ನೋಡಿದರು. "ಕೋಳಿ ಆಯ್ತು ಅಂತ ಕಾಣ್ತದೆ, ಕಾಕ. ಆದರೂ ನೀವೊಮ್ಮೆ ಮುಟ್ಟಿ ಹೇಳಿ. ನೀವು ಹೇಳದೆ ಇಲ್ಲಿ ಬಡಿಸುವುದಿಲ್ಲ."

ಕಾಕ ಮುಚ್ಚಳ ಎತ್ತಿದರು. ಎಂದಿಗಿಂತ ಹೆಚ್ಚು ಹೊತ್ತು ಒತ್ತಿ ನಿಂತರು... "ಆಯ್ತು" ಎಂದರು.

ಎದ್ದು ನಡೆಯುವಾಗ ಯಜಮಾನರ ಚಪ್ಪಲಿಗಳು ಬಟ್ಟೆಯ ಪಟ್ಟಿಯಿಂದ ಪಾದಕ್ಕೆ ಬಿಗಿದಿದ್ದದ್ದು ಕಂಡಿತು. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಹೋದವರಿಗೆ ಚಪ್ಪಲಿ ಜಾರಿದ್ದು ತಿಳಿಯುವುದಿಲ್ಲ, ಅದಕ್ಕೆ ಹಾಗೆ ಕಟ್ಟಿಕೊಳ್ಳುತ್ತಾರೆ ಎಂಬುದು ನನಗೆ ಅರ್ಥವಾದದ್ದು ತಡವಾಗಿ, ಕಾಕನೂ ಹಾಗೆ ಕಟ್ಟಿಕೊಳ್ಳತೊಡಗಿದ ಮೇಲೆ. ಕಾಕನಿಗೆ ಆಗಲೇ ಅರ್ಥವಾಗಿತ್ತು. ವಾಪಸು ಬರುವಾಗ ಟೆಂಪೋದಲ್ಲಿ ಹೇಳಿದರು: "ಅವತ್ತು ಆ ಕೋಳಿಯನ್ನು ಅವರು ನಾಯಿಗೆ ಹಾಕಿದ್ದರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ ಮಾಷ್ಟ್ರೇ. ಹಿಂದೆ ಕಳಿಸಿದರು ನೋಡಿ."

ಆಮೇಲೆ ಹಾಳೆ ಟೊಪ್ಪಿ ಗೋಡೆಯ ಮೊಳೆಗೆ ಮರಳಿತು. ಪೆಟ್ಟಿಗೆ ಎಲ್ಲರಿಗೂ ಕಾಣುವಂತೆ ಡ್ರಮ್ಮಿನ ಪಕ್ಕದಲ್ಲೇ ಕೂತಿತು, ಯಾರೂ ಬರುವುದನ್ನು ನಿಲ್ಲಿಸಲಿಲ್ಲ. ಅಕ್ಕ ಮಾತ್ರ ಒಳಗಿನಿಂದ ಕೂಗುವುದನ್ನು ಬಿಡಲಿಲ್ಲ. ಚಾಕ್ಕೆ ನೀರಿಟ್ಟ ಮಾತು ಕೇಳಿದೊಡನೆ ಕಾರಿನಲ್ಲಿ ಕೂತವರೂ ಇಳಿದು ಬಂದು ನಿಲ್ಲುತ್ತಿದ್ದರು.

ಕೆಲವು ವರ್ಷ ಹಾಗೆಯೇ ನಡೆಯಿತು. ಆಮೇಲೆ ಕಾಲಿನ ಗಾಯ, ಆಸ್ಪತ್ರೆ, ಒಂದು ಪಾದ ಹೋದದ್ದು... ಡ್ರಮ್ಮು ತಣ್ಣಗಾಯಿತು, ಆದರೆ ಅಕ್ಕ ಅದನ್ನು ಗುಜರಿಗೆ ಕೊಡಲಿಲ್ಲ. ಒಂದು ಮಳೆಗಾಲದಲ್ಲಿ ಕಾಕ ಹೋದರು. ಲಾಯಿಲದಲ್ಲಿದ್ದ ಮಗಳ ಮನೆಗೆ ಹೊರಡುವ ದಿನ ಅಕ್ಕ ಬೇಲಿಯ ಹತ್ತಿರ ಬಂದು ಈ ಕಡ್ಡಿಯನ್ನು ನನ್ನ ಕೈಗೆ ಕೊಟ್ಟರು. "ನೀವು ಆರಿಸಿದ್ದು, ನಿಮ್ಮಲ್ಲೇ ಇರಲಿ. ಕೂಗುವ ಡಬ್ಬಿ ನನ್ನ ಹತ್ತಿರ ಇರಲಿ." ಎರಡೂ ಬೇರೆಯಾದರೆ ಯಾವುದೂ ಕೆಲಸಕ್ಕೆ ಬರುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಂಥ ಹೊತ್ತಿನಲ್ಲೂ! ಪುಣ್ಯಕ್ಕೆ ಮುಚ್ಚಿಕೊಂಡೆ.

ಹೊಸದನ್ನು ಕೊನೆಗೂ ಆರಿಸಿದೆ. ನಿನ್ನೆ ಸಂಜೆ ತಾರಸಿಯಲ್ಲಿ ಮಗಳು ಕೋಳಿ ಇಟ್ಟಳು. ಫೋನಿನಲ್ಲಿ ಸೆಲ್ಸಿಯಸ್ ಇದ್ದದ್ದನ್ನು ಫ್ಯಾರನ್‌ಹೀಟಿಗೆ ಬದಲಿಸಿ ನೂರ ಎಂಬತ್ತಕ್ಕೆ ಇಟ್ಟೆ. ಎಂತಕ್ಕೆ ಎಂದು ಅವಳು ಕೇಳಿದಳು, ಅಭ್ಯಾಸ ಎಂದೆ. ಈಚೆಗೆ ನನ್ನ ರಕ್ತಪರೀಕ್ಷೆಯ ಅಂಕೆಯೂ ಆ ಕಡೆಗೇ ಹೊರಟಿದೆ, ಅದನ್ನು ಹೇಳಲಿಲ್ಲ. ಫೋನು ಕೂಗಿದಾಗ ಅವಳು ಇಕ್ಕಳ ಎತ್ತಿಕೊಳ್ಳುವ ಮೊದಲೇ ನಾನು ಎದ್ದು ಎರಡು ಬೆರಳಿನಿಂದ ತೊಡೆಯನ್ನು ಒತ್ತಿದೆ. ಸುಟ್ಟಿತು. ಕಣ್ಣಲ್ಲಿ ನೀರು ಬರುವಷ್ಟು ಚೆನ್ನಾಗಿ ಸುಟ್ಟಿತು.

"ಆಯ್ತು" ಎಂದೆ. ಬೆರಳನ್ನು ಬಾಯಿಗಿಟ್ಟುಕೊಂಡು, ಕೆಳಗಿನ ಅಡಿಗೆಮನೆಯ ಕಡೆಗೆ ಕಿವಿ ಕೊಟ್ಟು ಸ್ವಲ್ಪ ಹೊತ್ತು ನಿಂತೆ... ಯಾರೂ ಚಾಕ್ಕೆ ನೀರಿಟ್ಟಿರಲಿಲ್ಲ.