ರೋಬೋಟ್ ಭಾಷಣಕ್ಕೆ ನಾನು ತಟ್ಟಿದ ಚಪ್ಪಾಳೆ

ಸ್ನೇಹಿತರೇ, ಮಕ್ಕಳ ಭಾಷಣಕ್ಕೆ ಚಪ್ಪಾಳೆ ತಟ್ಟುವ ಮೊದಲು ಅದರ ಅರ್ಥ ಯಾರನ್ನಾದರೂ ಕೇಳಿಕೊಳ್ಳಿ. ಇಂದು ಮಗಳ ಶಾಲೆಯಲ್ಲಿ ‘ವೃದ್ಧಾಶ್ರಮಗಳಲ್ಲಿ ಎಐ ರೋಬೋಟ್ ಬೇಕೇ?’ ಎಂಬ ಚರ್ಚಾಸ್ಪರ್ಧೆ ಇತ್ತು. ನಾನು ಇಲ್ಲಿ, ಈ ಅರಬ್ ದೇಶದಲ್ಲಿ, ಅಂಥದ್ದೇ ಆಶ್ರಮದಲ್ಲಿ ಅಜ್ಜಂದಿರನ್ನು ನೋಡಿಕೊಳ್ಳುವವನು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಅವಳ ಇಂಗ್ಲಿಷಿನ ವೇಗ ಎಲ್ಲಿ ಸಿಗಬೇಕು? ‘ಮೈ ಫಾದರ್’ ಎಂದದ್ದು ಕೇಳಿತು, ಎಲ್ಲರಿಗಿಂತ ಜೋರಾಗಿ ತಟ್ಟಿದೆ.

ಪಕ್ಕದಲ್ಲಿದ್ದ ನೆರೆಮನೆಯ ಲೀನಾಬಾಯಿ ನನ್ನನ್ನು ಮೊಣಕೈಯಿಂದ ತಿವಿದರು. “ಎಂತ ಅಣ್ಣ, ಮಗಳು ನಿಮ್ಮ ಅನ್ನಕ್ಕೆ ಕಲ್ಲು ಹಾಕಿದ್ದಕ್ಕೆ ನೀವೇ ಚಪ್ಪಾಳೆಯಾ? ನಿಮ್ಮ ಆಶ್ರಮದಲ್ಲಿ ಮೊಬೈಲ್ ನೋಡಿಕೊಂಡು ಅಜ್ಜನ ಮೂಗಿಗೆ ಸೂಪ್ ಕುಡಿಸ್ತಾರಂತೆ. ರೋಬೋಟಾದ್ರೆ ಮೊಬೈಲ್ ನೋಡುದಿಲ್ಲ, ರಜೆ ಕೇಳುದಿಲ್ಲ, ಇಲ್ಲಿರ್ಲಿಕ್ಕೆ ಇಕಾಮಾ ಪರ್ಮಿಟೂ ಬೇಡ ಅಂತಿದ್ದಾಳೆ!”

ಅದು ನನ್ನ ಜೊತೆ ಕೆಲಸದವನ ಕಥೆ. ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿ ನಗಿಸಿದವನು ನಾನೇ! ಕನ್ನಡದಲ್ಲಿ ಹತ್ತು ಸಲ ಕರೆದರೂ ತಿರುಗದವಳಿಗೆ ಇದೊಂದು ಹೇಗೆ ಕೇಳಿಸಿತು? ಎದುರಿಗೆ ತೀರ್ಪುಗಾರರಾಗಿ ಕೂತವರು ನಮ್ಮ ಆಶ್ರಮದ ಮ್ಯಾನೇಜರ್. ಹೊರಡುವಾಗ ನನ್ನ ಬೆನ್ನು ತಟ್ಟಿ, “ಭಾಯಿ, ಕಲ್ ಆಫೀಸ್ ಮೇ ಆವೋ,” ಎಂದರು. ನಾಳೆ ಆಫೀಸಿಗೆ ಬರಬೇಕಂತೆ!

ಮನೆಗೆ ಬಂದು ಗದರಿದರೆ ಮಗಳು, “ಪಪ್ಪಾ, ಚಿಲ್! ಫಸ್ಟ್ ಪ್ರೈಜ್ ಬಂತಲ್ಲ,” ಎನ್ನುತ್ತಾಳೆ.

ರೋಬೋಟಿಗೆ ಇಕಾಮಾ ಬೇಡ, ಒಪ್ಪಿದೆ. ಕೆಲಸ ಹೋಗಿ ನನ್ನದು ಖಲಾಸ್ ಆದರೆ, ಅದರ ಮೇಲೇ ಇರುವ ಇವಳದ್ದೂ ಖಲಾಸ್. ಊರಿಗೆ ಹೊರಡಬೇಕಾದರೆ ಅವಳ ಟ್ರೋಫಿ ಸೂಟ್‌ಕೇಸಿನಲ್ಲಿ ಹಿಡಿಯುತ್ತದೋ ಎಂದು ಈಗಲೇ ಇಟ್ಟು ನೋಡಿದೆ. ಹಿಡಿಯುತ್ತಿಲ್ಲ.